ಟರ್ಲಿ ಹಳ್ಳದ ಸೇತುವೆಯ ಎಣಿಕೆ

ಟರ್ಲಿ ಹಳ್ಳ, ಒಹಾಯೋ
ಆಗಸ್ಟ್ ೨೦, ಬುಧವಾರ

ಪ್ರೀತಿಯ ತಾತಾ,

ಹೇಗಿದ್ದೀಯ? ಉಸಿರಾಟ ಹೇಗಿದೆ? "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅಂತ ಮಾತ್ರ ಹೇಳಬೇಡ. ಹೋದ ಸಲ ನಾನು ಆಸ್ಪತ್ರೆಗೆ ಬಂದಿದ್ದಾಗ ನೀನು ಮಂಚದಿಂದ ಕಿಟಕಿಗೆ ಹೋಗೋ ಅಷ್ಟರಲ್ಲಿ ಎರಡು ಸಲ ನಿಂತುಕೊಂಡೆ, ನೋಡಿದೆ ನಾನು. ನೋಡಿಲ್ಲ ಅನ್ನೋ ಹಾಗೆ ಹಾಸಿಗೆ ಸರಿ ಮಾಡ್ತಾ ನಿಂತಿದ್ದೆ ಅಷ್ಟೆ. ಆಕ್ಸಿಜನ್ ಕೊಳವೆ ಉಜ್ಜಿ ಉಜ್ಜಿ ಕಿವಿಯ ಹಿಂದೆ ಗಾಯವಾಗಿತ್ತಲ್ಲ, ಅಲ್ಲಿಗೆ ಸಿಕ್ಕಿಸಿಕೊಳ್ಳೋಕೆ ಆರ್ಲೀನ್ ದೊಡ್ಡಮ್ಮ ಹತ್ತಿ ತುಂಬಿ ಎರಡು ಪುಟ್ಟ ಮೆತ್ತೆ ಹೊಲಿದಿದ್ದಾಳೆ, ಈ ಕಾಗದದ ಜೊತೆ ಇಟ್ಟಿದ್ದೀನಿ. ಹೂವಿನ ಚಿತ್ರದ ಬಟ್ಟೆ ನೋಡಿ ಗೊಣಗಬೇಡ, ಮನೆಯಲ್ಲಿ ಮೆತ್ತಗಿದ್ದ ಬಟ್ಟೆ ಅದೊಂದೇ. ಫೋನಿನಲ್ಲಿ ನಿನ್ನಿಂದ ಕೆಮ್ಮು ಬಿಟ್ಟರೆ ಬೇರೇನೂ ಬರಲ್ಲ, ಈಗೀಗ ನನ್ನಿಂದ ಅಳು ಬಿಟ್ಟರೆ ಬೇರೇನೂ ಬರಲ್ಲ. ಅದಕ್ಕೇ ಬರೀತಿದ್ದೀನಿ.

ಮನೆ ಚೆನ್ನಾಗಿದೆ. ಡಿಪ್ಪರ್ ನಾಯಿ ಈಗಲೂ ಸಂಜೆ ಆರಕ್ಕೆ ಸರಿಯಾಗಿ ಗೇಟಿನ ಹತ್ತಿರ ಹೋಗಿ ಕೂರುತ್ತೆ, ನಿನಗೆ ಕಾದು ಕಾದು ಐದು ತಿಂಗಳಾದರೂ ಅದಕ್ಕೆ ಬುದ್ಧಿ ಬಂದಿಲ್ಲ. ಟೊಮೇಟೊ ಈ ವರ್ಷ ಹೇಳತೀರದಷ್ಟು ಬಿಟ್ಟಿದೆ, ತಿಂದು ತಿಂದು ನನ್ನ ನಾಲಗೆ ಸುಲಿದುಹೋಗಿದೆ. ರಸ್ಕೋ ಮಾಮ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಆಚೆ ಮನೆಯಿಂದ ಬರ್ತಾನೆ, ಬಂದು ಮೆಟ್ಟಿಲ ಮೇಲೆ ಕೂರ್ತಾನೆ. "ಕುರ್ಚಿ ಖಾಲಿ ಇದೆಯಲ್ಲ ಮಾಮ, ಕೂತ್ಕೋ" ಅಂದರೆ, "ಅದರ ಯಜಮಾನ ಸೆಪ್ಟೆಂಬರಿಗೆ ಬರ್ತಾನೆ, ಬಂದು ನನ್ನ ಅಂಡಿನ ಬಿಸಿ ಆರಿಲ್ಲ ಅಂತ ಜಗಳ ತೆಗೀತಾನೆ" ಅಂತಾನೆ. ಐವತ್ತು ವರ್ಷ ಗಣಿಯಲ್ಲೂ ಹೊರಗೂ ನಿನ್ನ ಜೊತೆ ಜಗಳವಾಡಿದೋನು, ಈಗ ಜಗಳಕ್ಕೆ ಜನ ಇಲ್ಲದೆ ಸೊರಗಿದ್ದಾನೆ.

ತಾತಾ, ಸುತ್ತಿ ಬಳಸೋದು ಬೇಡ. ಈ ವಾರ ನಿನಗೆ ಕೌಂಟಿ ಆಫೀಸಿನಿಂದ ಒಂದು ರಿಜಿಸ್ಟರ್ ಕಾಗದ ಬರುತ್ತೆ. ಟರ್ಲಿ ಹಳ್ಳದ ಸೇತುವೆಯನ್ನು ಆಗಸ್ಟ್ ೨೯, ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚುತ್ತಾರೆ ಅಂತ ಅದರಲ್ಲಿ ಬರೆದಿದೆ. ಹಳ್ಳದ ನಲವತ್ತೊಂದು ಮನೆಗೂ ಹೋಗಿದೆ, ನಿನ್ನದು ಆಸ್ಪತ್ರೆಯ ವಿಳಾಸಕ್ಕೆ ಬರುತ್ತೆ. ಕೆಳಗಡೆ ಎಡಗಡೆ ಮೂಲೆಯಲ್ಲಿ, ಟೈಪ್ ಮಾಡಿದವರ ಹೆಸರಿನ ಮೊದಲಕ್ಷರ ಹಾಕೋ ರೂಢಿ ಇದೆ, ಅಲ್ಲಿ 'ಓ' ಅಂತ ಇರುತ್ತೆ. ಅದು ನಾನೇ. ಆ ಕಾಗದಕ್ಕಿಂತ ಮುಂಚೆ ಇದು ನಿನ್ನ ಕೈ ಸೇರಲಿ ಅಂತ ದೇವರನ್ನು ಬೇಡ್ಕೊಂಡು ಬರೀತಿದ್ದೀನಿ.

ಮೇ ತಿಂಗಳಲ್ಲಿ ನನಗೆ ಕೌಂಟಿ ಇಂಜಿನಿಯರ್ ಆಫೀಸಿನಲ್ಲಿ ಬೇಸಿಗೆಯ ಇಂಟರ್ನ್ ಕೆಲಸ ಸಿಕ್ಕಿತು ಅಂದಾಗ ನೀನು ಮಾಸ್ಕ್ ತೆಗೆದು ಕೂಗಾಡಿ ನರ್ಸಮ್ಮನ ಹತ್ತಿರ ಬೈಸಿಕೊಂಡಿದ್ದು ನೆನಪಿದೆಯಾ? ಕಾಲೇಜಿನ ಮಕ್ಕಳಿಗೆ ಹನ್ನೆರಡು ವಾರದ ಕೆಲಸ, ಅದೂ ಬಿಟ್ಟಿ ಚಾಕರಿಯಲ್ಲ, ಕೈತುಂಬ ಸಂಬಳ. ಇಡೀ ಕೌಂಟಿಗೆ ಮೂರೇ ಜನ, ಅದರಲ್ಲಿ ಒಬ್ಬಳು ಟರ್ಲಿ ಹಳ್ಳದವಳು! ನೀನು ನಿಮ್ಮಪ್ಪನ ಕಥೆಯನ್ನು ನೂರಾ ಒಂದನೇ ಸಲ ಹೇಳಿದೆ. ಗಣಿಯ ಬಾಗಿಲಲ್ಲಿ ಕಲ್ಲಿದ್ದಲು ತೂಗುವಾಗ ಕಂಪನಿಯವರು ತಕ್ಕಡಿಯಲ್ಲಿ ಮೋಸ ಮಾಡದ ಹಾಗೆ ನೋಡೋಕೆ ಕೂಲಿಯವರೇ ತಮ್ಮ ಕೂಲಿಯಲ್ಲಿ ಅಷ್ಟಿಷ್ಟು ಕೂಡಿಸಿ ಅವನನ್ನು ಇಟ್ಟುಕೊಂಡಿದ್ದರಂತೆ. "ಅಳೆಯೋರ ಪಕ್ಕ ನಮ್ಮೋರೊಬ್ಬರು ನಿಂತಿರಬೇಕು ಕಣಮ್ಮ. ಇಲ್ಲದಿದ್ರೆ ನಮ್ಮ ಬೆಟ್ಟಾನೂ ಹಿಡಿ ಮಣ್ಣು ಅಂತಾರೆ" ಅಂದೆ. ಆ ಮಾತನ್ನು ನಾನು ಬೇಸಿಗೆಯುದ್ದಕ್ಕೂ ತಲೆಯ ಮೇಲೆ ಹೊತ್ತುಕೊಂಡು ತಿರುಗಿದೆ. ಅಳೆಯೋರ ಪಕ್ಕ ನಿಂತಿದ್ದಲ್ಲ ತಾತ, ಅಳೆದವಳೇ ನಾನು.

ಜೂನ್ ಕೊನೆಯಲ್ಲಿ ನಮ್ಮ ಮೇಲಿನವರು, ಬರ್ನೀಸ್ ಮೇಡಂ, ನನ್ನ ಕೈಗೆ ಒಂದು ಪಟ್ಟಿ ಕೊಟ್ಟರು. ಕೌಂಟಿಯಲ್ಲಿ ಹನ್ನೊಂದು ಸೇತುವೆಗಳು ತುಕ್ಕು ಹಿಡಿದು ಕೂತಿವೆ, ರಿಪೇರಿಗೆ ದುಡ್ಡಿರೋದು ನಾಲ್ಕಕ್ಕೆ. ಯಾವುದರ ಮೇಲೆ ದಿನಕ್ಕೆ ಇಪ್ಪತ್ತೈದು ಗಾಡಿಗಿಂತ ಕಡಿಮೆ ಓಡಾಡುತ್ತೋ ಅದಕ್ಕೆ ರಿಪೇರಿ ಇಲ್ಲ, ಮುಚ್ಚೋದೇ. ಎಣಿಸೋ ಕೆಲಸ ನಂದು. ರಸ್ತೆಗೆ ಅಡ್ಡಲಾಗಿ ಒಂದು ಕರೀ ರಬ್ಬರ್ ಪೈಪು ಹಾಸಿ ಮೊಳೆ ಹೊಡೆಯೋದು, ಪಕ್ಕದ ಕಂಬಕ್ಕೆ ಒಂದು ಡಬ್ಬಿ ಕಟ್ಟಿ ಬೀಗ ಹಾಕೋದು. ಗಾಡಿಯ ಚಕ್ರ ಪೈಪಿನ ಮೇಲೆ ಹತ್ತಿದಾಗ ಒಳಗಿನ ಗಾಳಿ ಡಬ್ಬಿಗೆ ಹೋಗಿ ಒತ್ತುತ್ತೆ, ಡಬ್ಬಿ ಲೆಕ್ಕ ಇಟ್ಟುಕೊಳ್ಳುತ್ತೆ. ಒಂದೊಂದು ಸೇತುವೆಗೆ ಏಳು ದಿನ, ಒಂದು ಸಲಕ್ಕೆ ಮೂರು ಸೇತುವೆ. ನಮ್ಮದು ಪಟ್ಟಿಯಲ್ಲಿ ಐದನೆಯದು. ನಮ್ಮ ಸೇತುವೆಯ ಮೇಲೆ ದಿನಕ್ಕೆ ಅರವತ್ತು ಗಾಡಿಯಾದರೂ ಓಡಾಡುತ್ತೆ ಅಂತ ನನಗೆ ಹುಟ್ಟಿದಾಗಿನಿಂದ ಗೊತ್ತು. ಹಾಗಾಗಿ ಒಂದು ಚೂರೂ ಭಯವಿಲ್ಲದೆ, ಹಾಡು ಹೇಳ್ಕೊಂಡು ಮೊಳೆ ಹೊಡೆದು ಬಂದೆ.

ಇನ್ನು ನನ್ನ ದೊಡ್ಡಸ್ತಿಕೆಯ ಕಥೆ ಕೇಳು. ಪೈಪು ಹಾಕಿದ ಮಾರನೇ ದಿನ ಭಾನುವಾರ, ಡಬ್ಬಿಯ ಲೆಕ್ಕ ಶುರುವಾಗೋದು ಸೋಮವಾರದಿಂದ. ಚರ್ಚಿನ ಊಟದಲ್ಲಿ ಎಲ್ಲರೂ ನನ್ನ ಸುತ್ತ. ನಾನು ಕೆಲಸದ ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಂಡೇ ಚರ್ಚಿಗೆ ಹೋಗಿದ್ದೆ ತಾತ, ನಗಬೇಡ, ಎದೆಯ ಮೇಲೆ ಹೆಸರಿನ ಪಟ್ಟಿ ಬೇರೆ. "ಸೇತುವೆ ಮೇಲೆ ಅದೇನೇ ಅದು, ಕರೀ ಹಾವು ಮಲಗಿಸಿದ್ದೀಯಾ?" ಅಂತ ರಸ್ಕೋ ಮಾಮ ಕೇಳಿದ. ಅದು ಗಾಡಿ ಎಣಿಸೋದು ಅಂತ ಒಂದು ಮಾತು ಹೇಳಿದ್ದಿದ್ದರೆ ಮುಗಿದಿರೋದು. ಪಟ್ಟಿಯ ವಿಷಯ ಬಾಯಿ ಬಿಡಬಾರದು ಅಂತ ಮೇಡಂ ಹೇಳಿದ್ದರು. ಅದಕ್ಕೆ ನಾನು ಏನು ಹೇಳಿದೆ ಗೊತ್ತಾ? "ಅದು ಸರ್ಕಾರದ ಸಾಮಾನು ಮಾಮ. ಬೆಲೆ ಬಾಳೋದು. ನನ್ನ ಸಹಿ ಮೇಲೆ ಕೊಟ್ಟಿದ್ದಾರೆ. ಹಾಳಾದರೆ ನಾನು ಉತ್ತರ ಕೊಡಬೇಕು" ಅಂದೆ. ಜಂಬಕ್ಕೆ ಹೇಳಿದ ಮಾತು. ಹೇಳಿ, ಪೀಚ್ ಹಣ್ಣಿನ ಕಡುಬು ಇನ್ನೊಂದು ತುಂಡು ಹಾಕಿಸಿಕೊಂಡು ತಿಂದು, ಸೀದಾ ನಿನ್ನನ್ನು ನೋಡೋಕೆ ಹೊರಟೆ.

ಏಳು ದಿನ ಆದ ಮೇಲೆ ಡಬ್ಬಿ ಬಿಚ್ಚಿದೆ. ದಿನಕ್ಕೆ ಏಳು ಗಾಡಿ. ಅರವತ್ತಲ್ಲ, ಇಪ್ಪತ್ತೈದೂ ಅಲ್ಲ, ಏಳು. ಡಬ್ಬಿಯನ್ನು ತಿರುಗಿಸಿ ನೋಡಿದೆ, ಪೈಪು ಊದಿ ನೋಡಿದೆ, ಎಲ್ಲ ಸರಿಯಾಗೇ ಇತ್ತು. ಬೇಸಿಗೆ ರಜೆ, ಸ್ಕೂಲ್ ಬಸ್ಸು ಓಡಲ್ಲ, ಮೇಲಿನ ಗರಗಸದ ಕಾರ್ಖಾನೆ ಮುಚ್ಚಿದೆ, ಜನ ಕಡಿಮೆಯಾಗಿರಬಹುದು ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಬರ್ನೀಸ್ ಮೇಡಂ ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಓಪಲ್, ಇದು ನಿಮ್ಮ ಹಳ್ಳದ್ದೇ ಅಲ್ವಾ? ಲೆಕ್ಕ ಸರಿ ಇದೆಯಾ? ಬೇಕಾದ್ರೆ ಇನ್ನೊಂದು ವಾರ ಹಾಕಿ ನೋಡೋಣ, ನನ್ನದೇನೂ ಅಭ್ಯಂತರ ಇಲ್ಲ." ದೇವರು ಬಾಗಿಲು ತೆರೆದಿಟ್ಟ ಹಾಗೆ ಕೇಳಿದರು ತಾತ. ಮಿಕ್ಕ ಇಬ್ಬರು ಇಂಟರ್ನ್‌ಗಳು ಪಕ್ಕದಲ್ಲೇ ನಿಂತಿದ್ದರು. ತನ್ನ ಊರು ಅಂತ ಇನ್ನೊಂದು ಅವಕಾಶ ಕೇಳಿದಳು ಅಂದ್ಕೋತಾರೆ ಅಂತ ನನಗೆ ಅನ್ನಿಸ್ತು. ನಿಮ್ಮಪ್ಪ ಸ್ವಂತ ತಮ್ಮನ ಕಲ್ಲಿದ್ದಲ ಗಾಡಿಗೂ ಒಂದು ಸೇರು ಜಾಸ್ತಿ ಬರೆದೋನಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ, ಅದು ನೆನಪಾಯಿತು. "ಸರಿ ಇದೆ ಮೇಡಂ" ಅಂದೆ. ಸಹಿ ಹಾಕಿದೆ.

ಆಗಸ್ಟ್ ಐದಕ್ಕೆ ಕೌಂಟಿಯ ಮೂವರು ಕಮಿಷನರು ಪಟ್ಟಿಗೆ ಒಪ್ಪಿಗೆ ಕೊಟ್ಟರು. ನಾಲ್ಕು ಸೇತುವೆಗೆ ರಿಪೇರಿ, ಕಂಟ್ರಾಕ್ಟೂ ಅವತ್ತೇ ಕೊಟ್ಟಾಯಿತು. ನಮ್ಮದು ಮುಚ್ಚೋ ಪಟ್ಟಿಯಲ್ಲಿ ಮೊದಲನೆಯದು. ಆ ಭಾನುವಾರ ಚರ್ಚಿಗೆ ಹೋಗೋಕೆ ಮುಖ ಇರಲಿಲ್ಲ, ದೊಡ್ಡಮ್ಮ ಎಳ್ಕೊಂಡು ಹೋದಳು. ಎಲ್ಲರಿಗೂ ಸುದ್ದಿ ತಲುಪಿತ್ತು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ನನ್ನ ಮೋರೆ ನೋಡಿ ಸಮಾಧಾನ ಮಾಡೋಕೆ ದೊಡ್ಡಮ್ಮ ಬೆನ್ನು ಸವರುತ್ತಾ ಹೇಳಿದಳು: "ಹೋಗ್ಲಿ ಬಿಡೇ, ಸೇತುವೆ ಹೋದ್ರೆ ಹೋಯ್ತು, ನಿನ್ನ ಹೆಸರು ಕೆಡಲಿಲ್ವಲ್ಲ. ನಿನ್ನ ಪೈಪಿಗೆ ಒಂದು ಗೀರೂ ಬೀಳದ ಹಾಗೆ ನೋಡ್ಕೊಂಡ್ವಿ ನಾವು."

ನನಗೆ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರೇ ಹೇಳೋಕೆ ಶುರು ಮಾಡಿದರು, ಹೆಮ್ಮೆಯಿಂದ! ನಾನು ನಿನ್ನ ಹತ್ತಿರ ಹೊರಟ ಮೇಲೆ ಅಲ್ಲೇ ಊಟದ ಮೇಜಿನಲ್ಲೇ ಮಾತಾಡ್ಕೊಂಡರಂತೆ, ಹುಡುಗಿ ಮೊದಲ ಸಲ ಸರ್ಕಾರಿ ಕೆಲಸಕ್ಕೆ ಸೇರಿದ್ದಾಳೆ, ನಮ್ಮ ಹಳೇ ಟೈರುಗಳಿಂದ ಅವಳ ಸಾಮಾನು ಹರಿದು ಅವಳಿಗೆ ಕೆಟ್ಟ ಹೆಸರು ಬರೋದು ಬೇಡ ಅಂತ. ಜುಲೈನಲ್ಲಿ ಹಳ್ಳ ಬತ್ತಿ ಮೊಣಕಾಲುದ್ದ ನೀರಿತ್ತಲ್ಲ, ಹಳೇ ಗಿರಣಿಯ ಹತ್ತಿರ ಕಲ್ಲುಗಳ ಮೇಲೇ ಟ್ರಕ್ಕು ಇಳಿಸಿ ದಾಟಿದರಂತೆ. ಕಾರಿದ್ದವರು ಕಾರನ್ನು ಆಚೆ ದಡದಲ್ಲೇ ನನ್ನ ಕಣ್ಣಿಗೆ ಬೀಳದ ಹಾಗೆ ಬಿಟ್ಟು ನಡೆದರಂತೆ. ದೊಡ್ಡಮ್ಮ ಅರ್ಧ ಮೈಲಿ ಸಾಮಾನು ಹೊತ್ತಿದ್ದಾಳೆ, ಆ ಮಂಡಿನೋವು ಇಟ್ಟುಕೊಂಡು. ರಸ್ಕೋ ಮಾಮನ ಟ್ರಕ್ಕಿನ ತಳ ಕಲ್ಲಿಗೆ ಬಡಿಯುತ್ತೆ ಅಂತ ಅವನು ಪೈಪಿನ ಎರಡೂ ಕಡೆ ಹಲಗೆ ಇಟ್ಟು, ಮೇಲೆ ನಿನ್ನ ಅಟ್ಟದ ಹಳೇ ಜಮಖಾನ ಹಾಸಿ, ಪೈಪಿಗೆ ತಾಗದ ಹಾಗೆ ಗಾಡಿ ದಾಟಿಸಿ, ಮತ್ತೆ ಎಲ್ಲ ಎತ್ತಿಡ್ತಿದ್ದನಂತೆ. ದಿನಕ್ಕೆ ಎರಡು ಸಲ! ನನಗೊಬ್ಬಳಿಗೆ ಯಾರೂ ಹೇಳಲಿಲ್ಲ, ಹೇಳಿದರೆ ಸಂಕೋಚಪಟ್ಕೋತಾಳೆ ಅಂತ. ಆ ಏಳು ಗಾಡಿಯಲ್ಲಿ ಎರಡು ನಂದೇ ತಾತ, ಬೆಳಿಗ್ಗೆ ಆಫೀಸಿಗೆ ಹೋಗಿದ್ದು, ಸಂಜೆ ಬಂದಿದ್ದು. ಮಿಕ್ಕಿದ್ದು ಟಪಾಲು, ಪಾರ್ಸಲ್ಲು, ದಾರಿ ತಪ್ಪಿದೋರು. ನಗಬೇಕೋ ಅಳಬೇಕೋ ಗೊತ್ತಾಗದೆ ಚರ್ಚಿನ ಹಿಂದೆ ಹೋಗಿ ಕೂತುಬಿಟ್ಟೆ.

ಸೋಮವಾರ ಬರ್ನೀಸ್ ಮೇಡಂ ಮುಂದೆ ಎಲ್ಲ ಒಪ್ಪಿಸಿದೆ. ಪಾಪ, ಅವರು ಒಳ್ಳೆಯವರೇ. ಬಾಗಿಲು ಹಾಕ್ಕೊಂಡು ಕೇಳಿದರು, ಕಣ್ಣೊರೆಸಿಕೊಂಡರು. ಆಮೇಲೆ, "ಮತ್ತೆ ಎಣಿಸಬಹುದು ಓಪಲ್, ಆದ್ರೆ ಎಣಿಕೆ ನಡೆಯೋದು ಬೇಸಿಗೆಯಲ್ಲಿ ಮಾತ್ರ. ಮುಂದಿನ ವರ್ಷ ಹೊಸ ಇಂಟರ್ನ್ ಬರ್ತಾರಲ್ಲ, ಆಗ ಮೊದಲು ನಿಮ್ಮದೇ ಹಾಕಿಸ್ತೀನಿ" ಅಂದರು. ಮುಚ್ಚಿದ ಸೇತುವೆ ಮೇಲೆ ಏನನ್ನು ಎಣಿಸ್ತಾರೆ ಅಂತ ನಾನು ಕೇಳಲಿಲ್ಲ. ಅವರಿಗೂ ಅದು ಹೊಳೆದಿರಬೇಕು, ಕಿಟಕಿ ಕಡೆ ತಿರುಗಿದರು.

ನಿನ್ನೆ ಕಮಿಷನರ ಸಭೆ ಇತ್ತು. ಸಾರ್ವಜನಿಕರಿಗೆ ತಲಾ ಮೂರು ನಿಮಿಷ, ಮುಂದೆ ಕೆಂಪು ದೀಪದ ಗಡಿಯಾರ. ನಾನು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ, ಎರಡೇ ನಿಮಿಷಕ್ಕೆ ಮುಗಿದುಹೋಯಿತು. ಉಳಿದ ಒಂದು ನಿಮಿಷ ರಸ್ಕೋ ಮಾಮ ತಗೊಂಡ. "ತಪ್ಪು ನಮ್ದು ಸ್ವಾಮಿ, ಹುಡುಗೀದಲ್ಲ. ಅವಳು ಸರಿಯಾಗೇ ಅಳೆದ್ಲು, ನಾವೇ ತಕ್ಕಡಿಯಿಂದ ಇಳಿದುಬಿಟ್ವಿ" ಅಂದ. ನಮ್ಮವರು ಹದಿನೈದು ಜನ ಬಂದಿದ್ದರು, ಒಂದೇ ವ್ಯಾನಿನಲ್ಲಿ ತುರುಕಿಕೊಂಡು, ಪೆಟ್ರೋಲ್ ಉಳಿಸೋಕೆ. ಒಬ್ಬ ಕಮಿಷನರು ಕಿಟಕಿಯಿಂದ ಹೊರಗೆ ನೋಡಿ, "ಇವತ್ತೂ ಒಂದೇ ಗಾಡಿ ಬಂದಿದೆಯಲ್ಲ" ಅಂದರು. ಕೆಟ್ಟ ಮನಸ್ಸಿನಿಂದಲ್ಲ, ತಮಾಷೆಗೆ. ನಮ್ಮವರೇ ನಕ್ಕರು. ದುಡ್ಡು ಹಂಚಿಹೋಗಿದೆ, ಕಬ್ಬಿಣ ಈ ಚಳಿಗಾಲ ತಡೆಯಲ್ಲ, ತೀರ್ಮಾನ ಬದಲಾಗಲ್ಲ ಅಂತ ಎರಡು ಮಾತಿನಲ್ಲಿ ಮುಗಿಸಿದರು. ಅಷ್ಟಕ್ಕೇ ನಿಂತಿದ್ದರೆ ತಡ್ಕೋತಿದ್ದೆ. ಸಭೆಯ ಕೊನೆಯ ವಿಷಯ, ಬೇಸಿಗೆ ಇಂಟರ್ನ್‌ಗಳಿಗೆ ಪ್ರಶಸ್ತಿಪತ್ರ. ನನ್ನ ಹೆಸರು ಕೂಗಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಿದ್ದು ನಮ್ಮ ಹದಿನೈದು ಜನ ತಾತ, ದೊಡ್ಡಮ್ಮ ಎದ್ದು ನಿಂತುಕೊಂಡು ಹೊಡೆದಳು. ಆ ಪತ್ರ ಕಾರಿನ ಸೀಟಿನ ಕೆಳಗೆ ಬಿದ್ದಿದೆ, ಮನೆಯೊಳಗೆ ತರೋಕೆ ಮನಸ್ಸಾಗ್ತಿಲ್ಲ.

ಈಗ ನಿನ್ನ ವಿಷಯ. ಸೇತುವೆ ಹೋದ ಮೇಲೆ ಪಟ್ಟಣದಿಂದ ಆಂಬುಲೆನ್ಸ್ ಗುಡ್ಡದ ಮೇಲಿನ ರಸ್ತೆ ಸುತ್ತಿ ಬರಬೇಕು. ಮೊದಲು ಹನ್ನೆರಡು ನಿಮಿಷ, ಇನ್ಮೇಲೆ ಒಂದು ಗಂಟೆ ಹತ್ತು ನಿಮಿಷ. ಗಿರಣಿಯ ಕಲ್ಲುದಾರಿಯಲ್ಲಿ ಅದು ಇಳಿಯಲ್ಲ, ಅಕ್ಟೋಬರ್ ಆಚೆ ಅಲ್ಲಿ ಕತ್ತಿನವರೆಗೆ ನೀರು. ಮನೆಗೆ ಬರೋ ನರ್ಸಮ್ಮನ ಆಫೀಸಿಗೂ ಆಕ್ಸಿಜನ್ ಸಿಲಿಂಡರ್ ತರೋರಿಗೂ ಫೋನ್ ಮಾಡಿದೆ, ಬೇಡಿಕೊಂಡೆ, ಜಗಳವಾಡಿದೆ. ಅರ್ಧ ಗಂಟೆಯೊಳಗೆ ಆಂಬುಲೆನ್ಸ್ ಮುಟ್ಟದ ಮನೆಗೆ ನಿನ್ನಂಥವರನ್ನು ಕಳಿಸೋ ನಿಯಮ ಇಲ್ಲವಂತೆ. ಸೆಪ್ಟೆಂಬರ್ ಎಂಟಕ್ಕೆ ನಿನ್ನನ್ನು ಮನೆಗೆ ಕಳಿಸೋ ಚೀಟಿಯನ್ನು ಡಾಕ್ಟರು ಹರಿದು ಹಾಕ್ತಾರೆ. ಆಮೇಲೆ ಬಯಲುಸೀಮೆಯಲ್ಲಿ ಎಲ್ಲೋ ಒಂದು ವೃದ್ಧರ ಆರೈಕೆಮನೆ, ಕಿಟಕಿಯಿಂದ ನೋಡಿದರೆ ಒಂದು ಗುಡ್ಡವೂ ಕಾಣಲ್ಲ. ನೀನು ಮಾರ್ಚಿನಲ್ಲಿ ಸ್ಟ್ರೆಚರ್ ಮೇಲೆ ಸೇತುವೆ ದಾಟುವಾಗ, "ವಾಪಸ್ಸು ಬರ್ತಾ ಕೂತ್ಕೊಂಡು ಬರ್ತೀನಿ" ಅಂದಿದ್ದೆ. ನಾನು ನಿನ್ನ ಕೈ ಹಿಡಿದು ಆಯ್ತು ಅಂದಿದ್ದೆ. ಆ ದಾರಿಯನ್ನು ನನ್ನ ಕೈಯಾರೆ ಮುಚ್ಚಿದೆ. ಸುಳ್ಳು ಬರೆದು ಮುಚ್ಚಿದ್ದರೆ ನನ್ನನ್ನು ನಾನು ಬೈಕೋಬಹುದಿತ್ತು. ನಿಜ ಬರೆದು ಮುಚ್ಚಿದೆ. ಇದನ್ನು ಎಲ್ಲಿ ಹೇಳ್ಕೊಂಡು ಅಳಲಿ?

ಯಾರ ಮೇಲೂ ಕೋಪ ಬರ್ತಿಲ್ಲ, ಅದೇ ನನಗೆ ಕಷ್ಟ. ಇಷ್ಟು ಒಳ್ಳೆಯ ಜನರ ಜೊತೆ ಬಾಳೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಗ್ತಿದೆ. ಈ ವಾರ ನನ್ನ ಕೆಲಸದ ಕೊನೆ. ಶುಕ್ರವಾರ ಜಾಕೆಟ್ಟು, ಸುತ್ತಿಗೆ, ಡಬ್ಬಿ ಎಲ್ಲ ಒಪ್ಪಿಸಬೇಕು. ಮೊನ್ನೆ ಸುಮ್ಮನೆ, ಯಾರನ್ನೂ ಕೇಳದೆ, ಅದೇ ಪೈಪನ್ನು ಅದೇ ಜಾಗದಲ್ಲಿ ಮತ್ತೆ ಹಾಸಿದೆ. ಈಗ ಜನ ಕೆಲಸವಿಲ್ಲದಿದ್ದರೂ ಬಂದು ಅದರ ಮೇಲೆ ಗಾಡಿ ಹತ್ತಿಸಿ ಹೋಗ್ತಿದ್ದಾರೆ. ದೊಡ್ಡಮ್ಮ ನಿನ್ನೆ ಸಂಜೆ ಆ ಕಡೆ ಈ ಕಡೆ ಹನ್ನೊಂದು ಸಲ ಓಡಾಡಿದಳು. ಇವತ್ತು ಬೆಳಿಗ್ಗೆ ಡಬ್ಬಿ ನೋಡಿದೆ, ಇನ್ನೂರ ಮೂವತ್ತು ದಾಟಿದೆ. ಬರೆದು ಕೊಟ್ಟ ಚೀಟಿಯನ್ನು ಬರ್ನೀಸ್ ಮೇಡಂ ನೋಡಿ ಫೈಲಿನಲ್ಲಿಟ್ಟರು.

ಔಷಧಿ ತಪ್ಪಿಸಬೇಡ. ನರ್ಸಮ್ಮನ ಜೊತೆ ಇಸ್ಪೀಟಿನಲ್ಲಿ ಮೋಸ ಮಾಡಬೇಡ, ಅವರಿಗೆ ಗೊತ್ತಾಗಿದೆ, ಸುಮ್ಮನಿದ್ದಾರೆ ಅಷ್ಟೆ. ದೊಡ್ಡಮ್ಮ, ರಸ್ಕೋ ಮಾಮ, ಹಳ್ಳದ ನಲವತ್ತೊಂದು ಮನೆಯೋರು ನಿನ್ನನ್ನು ಕೇಳಿದರು ಅಂತ ಹೇಳೋಕೆ ಹೇಳಿದ್ದಾರೆ. ನಿನ್ನ ಆಶೀರ್ವಾದ ಕೇಳೋ ಮುಖ ನನಗಿಲ್ಲ. ಆದರೂ ತಲೆ ಬಗ್ಗಿಸಿದ್ದೀನಿ, ಕೈ ಇಡು.

ನಿನ್ನ ಮೊಮ್ಮಗಳು,
ಓಪಲ್

ಮರೆತೆ ಅಂದ್ಕೋಬೇಡ, ಬೇಕಂತಲೇ ಕೊನೆಗಿಟ್ಟೆ. ಇಲ್ಲಿಂದ ಮುಂದೆ ನರ್ಸಮ್ಮನ ಹತ್ತಿರ ಓದಿಸಬೇಡ, ಕನ್ನಡಕ ಹಾಕ್ಕೊಂಡು ನೀನೇ ಓದು. ಸೇತುವೆ ಮುಚ್ಚೋ ಹಿಂದಿನ ದಿನ, ೨೮ನೇ ತಾರೀಕು, ಗುರುವಾರ, ಬೆಳಿಗ್ಗೆ ಹತ್ತಕ್ಕೆ ನಾನು, ರಸ್ಕೋ ಮಾಮ ಟ್ರಕ್ಕು ತಗೊಂಡು ಬರ್ತೀವಿ. ತೀರಿಹೋದ ಅತ್ತೆಯ ಆಕ್ಸಿಜನ್ ಯಂತ್ರ ಅವನ ಮನೆಯಲ್ಲಿದೆ, ಕರೆಂಟಿನಲ್ಲಿ ಓಡುತ್ತೆ, ದಾರಿಗೆ ಎರಡು ಸಿಲಿಂಡರ್ ಇದೆ. ಡಾಕ್ಟರು ಬೇಡ ಅಂತಾರೆ, ಆದರೆ ನೀನೇ ಸಹಿ ಹಾಕಿ ಹೊರಟರೆ ಯಾರೂ ತಡೆಯೋ ಹಾಗಿಲ್ಲ. ಸುಳ್ಳು ಭರವಸೆ ಕೊಡಲ್ಲ ತಾತ. ಚಳಿಗಾಲದಲ್ಲಿ ಕರೆಂಟು ಹೋದರೆ, ನಿನಗೆ ಉಸಿರು ಕಟ್ಟಿದರೆ, ಯಾರೂ ಹೊತ್ತಿಗೆ ಬರಲ್ಲ. ನಾನು ಕಾಲೇಜು ಬಿಟ್ಟು ಪಕ್ಕದಲ್ಲಿರ್ತೀನಿ, ಕೈ ಹಿಡ್ಕೊಂಡಿರ್ತೀನಿ, ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ. ಪೈಪು ಇನ್ನೂ ಅಲ್ಲೇ ಇರುತ್ತೆ, ಒಪ್ಪಿಸಲ್ಲ ನಾನು, ಅದರ ಮೇಲೇ ಹೋಗೋಣ. ಬೇಡ ಅನ್ನಿಸಿದರೆ ಉತ್ತರ ಬರೆಯೋ ಕಷ್ಟ ಬೇಡ, ಆಸ್ಪತ್ರೆಯ ಚಪ್ಪಲಿಯಲ್ಲೇ ಇರು. ನಾವು ಏನೂ ಕೇಳಲ್ಲ, ಇಸ್ಪೀಟು ಆಡಿ ವಾಪಸ್ಸು ಬರ್ತೀವಿ. ಬರೋದಾದರೆ ಬೂಟು ಹಾಕ್ಕೊಂಡು ಕೂತಿರು.